ಹಳದಿ ಪಟ್ಟಿ, ಕೆಂಪು ಪಟ್ಟಿ

ಮಾವು ಹೂ ಬಿಡುವ ಹೊತ್ತಿಗೆ ಸರಿಯಾಗಿ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆದಾಯ ತೆರಿಗೆಯ ಎಕ್ಸೆಲ್ ಹಾಳೆಯೂ ಅರಳುತ್ತದೆ. ಅದನ್ನು ಮಾಡಿದವರು ಯಾವ ಕಂಪನಿಯವರೂ ಅಲ್ಲ. ಯಾವುದೋ ತಾಲ್ಲೂಕಿನ ಗಣಿತದ ಮೇಷ್ಟ್ರು. ಮೂಲವೇತನ ತುಂಬಿದರೆ ಸಾಕು, ತುಟ್ಟಿಭತ್ಯೆ, ಮನೆಬಾಡಿಗೆ, ಕೆಜಿಐಡಿ, ವೃತ್ತಿ ತೆರಿಗೆ ಎಲ್ಲ ತಂತಮ್ಮ ಮನೆಯಲ್ಲಿ ಬಂದು ಕೂರುತ್ತವೆ. ಹಾಗೆ ಕೂರಿಸುವುದು ಮ್ಯಾಕ್ರೋ, ಅಂದರೆ ಹಾಳೆಯೊಳಗೇ ಅಡಗಿಸಿಟ್ಟ ಸಣ್ಣ ಪ್ರೋಗ್ರಾಮು. ಹಾಳೆಯ ನೆತ್ತಿಯ ಮೇಲೆ ದಪ್ಪಕ್ಷರದ ವಿನಂತಿ: ದಯವಿಟ್ಟು ಮ್ಯಾಕ್ರೋ ಎನೇಬಲ್ ಮಾಡಿಕೊಳ್ಳಿ.

ಈಚೆಗೆ ಇದಕ್ಕೊಂದು ಷೋಕಿ ಸೇರಿಕೊಂಡಿದೆ. ಮೊದಲ ಹಾಳೆ ಬರೀ ವಿಷಯಸೂಚಿ. 'ವೇತನ ವಿವರಕ್ಕೆ ಇಲ್ಲಿ ಒತ್ತಿ' ಎಂಬ ನೀಲಿ ಲಿಂಕು ಒತ್ತಿದರೆ ಇನ್ನೊಂದು ಕಡತ ತೆರೆಯಬೇಕು. ತೆರೆಯುವ ಮುಂಚೆ ಎಕ್ಸೆಲ್ ತಡೆದು ಕೇಳುತ್ತದೆ: ಈ ಜಾಗ ಅಪಾಯದ್ದಿರಬಹುದು, ಮುಂದುವರಿಯಲೇ? ಹೂಂ ಅಂದರೆ ಹಳದಿ ಪಟ್ಟಿ. ನೋಡಬಹುದು, ಮುಟ್ಟುವಂತಿಲ್ಲ. ಅದನ್ನೂ ದಾಟಿದರೆ ಕೆಂಪು ಪಟ್ಟಿ. ಇಲ್ಲಿ ಹೂಂ ಅನ್ನುವುದಕ್ಕೆ ಗುಂಡಿಯೇ ಇಲ್ಲ. 'ಇನ್ನಷ್ಟು ತಿಳಿಯಿರಿ' ಅಂತ ಒಂದಿದೆ. ಬಿಇಒ ಕಚೇರಿಗೆ ಸಂಜೆಯೊಳಗೆ ಪ್ರಿಂಟು ಮುಟ್ಟಿಸಬೇಕಾದವನಿಗೆ ಇನ್ನಷ್ಟು ತಿಳಿಯುವ ಆಸೆ ಎಲ್ಲಿಂದ ಬರಬೇಕು?

ನನಗಂತೂ ಆ ಆಸೆ ಬಂತು. ನಿವೃತ್ತರಿಗೆ ಬರುತ್ತದೆ.

ಹುಡುಕಿ ಓದಿದೆ. 1999ರ ಮೆಲಿಸಾ ಎಂಬ ವೈರಸ್ ಕೂಡ ಮ್ಯಾಕ್ರೋವೇ. ವರ್ಡ್ ಕಡತದೊಳಗೆ ಕೂತು ಬಂದು, ತೆರೆದವರ ವಿಳಾಸಪಟ್ಟಿಯ ಮೊದಲ 50 ಮಂದಿಗೆ ತನ್ನನ್ನು ತಾನೇ ಅಂಚೆ ಹಾಕಿಕೊಂಡಿತು. ಅದು ಬರೀ ಕಿತಾಪತಿ. ಉಕ್ರೇನಿನಲ್ಲಿ ಆದದ್ದು ಹಾಗಲ್ಲ. ಅಲ್ಲಿನ ವಿದ್ಯುತ್ ಕಂಪನಿಗಳ ನೌಕರರಿಗೆ ಇಮೇಲಿನಲ್ಲಿ ಆಫೀಸ್ ಕಡತಗಳು ಬಂದವು. ಒಳಗೆ, ಇದು ಹೊಸ ಆವೃತ್ತಿಯಲ್ಲಿ ಮಾಡಿದ್ದು, ಕಾಣಬೇಕಾದರೆ ಮ್ಯಾಕ್ರೋ ಬೇಕು ಎಂಬ ಸೌಜನ್ಯದ ಸೂಚನೆ. ಯಾರೋ ಪುಣ್ಯಾತ್ಮರು ಒತ್ತಿದರು. ಕಳ್ಳರು ಒಳಹೊಕ್ಕು ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತಿದ್ದು, 2015ರ ಡಿಸೆಂಬರ್ 23ರಂದು ಸುಮಾರು 2,25,000 ಗ್ರಾಹಕರ ಕರೆಂಟು ತೆಗೆದರು.

ನನ್ನನ್ನು ಕಾಡಿದ್ದು ಕರೆಂಟು ಹೋದದ್ದಲ್ಲ, ಅದು ನಮಗೆ ಹೊಸದೇನಲ್ಲ. ಕಾಡಿದ್ದು ಆ ಸೂಚನೆ. ಅದು ನಮ್ಮ ಗಣಿತದ ಮೇಷ್ಟ್ರ ವಾಕ್ಯವೇ! ಅಷ್ಟೇಕೆ, ಆದಾಯ ತೆರಿಗೆ ಇಲಾಖೆ ರಿಟರ್ನ್ ಸಲ್ಲಿಸಲೆಂದು ವರ್ಷಗಟ್ಟಲೆ ಕೊಟ್ಟ ಎಕ್ಸೆಲ್ ಯುಟಿಲಿಟಿಯಲ್ಲೂ ಅದೇ: ಮೊದಲು ಮ್ಯಾಕ್ರೋ ಚಾಲೂ ಮಾಡಿ. ಮೇಷ್ಟ್ರು, ಸರ್ಕಾರ, ಕಳ್ಳ, ಮೂವರದೂ ಒಂದೇ ಮಾತು, ಒಂದೇ ವಿನಯ. ಇಂಥದರಲ್ಲಿ ಬಳಕೆದಾರನ ವಿವೇಚನೆ ಅಂತ ಕೂತರೆ ಕೆಲಸ ಕೆಡದೆ ಇನ್ನೇನಾದೀತು?

ಮೈಕ್ರೋಸಾಫ್ಟಿಗೂ ಹಾಗೇ ಅನಿಸಿರಬೇಕು. 2007ರಲ್ಲಿ ಅದು ಮ್ಯಾಕ್ರೋ ಇರುವ ಕಡತದ ಬಾಲವನ್ನೇ ಬದಲಿಸಿ 'ಎಕ್ಸ್‌ಎಲ್‌ಎಸ್‌ಎಂ' ಮಾಡಿತ್ತು. ಬಾಲ ನೋಡಿ ಹುಷಾರಾಗುವವರು ಎಷ್ಟು ಜನ? ಕೊನೆಗೆ 2022ರಲ್ಲಿ ನಮ್ಮನ್ನು ಕೇಳುವುದನ್ನೇ ಬಿಟ್ಟು ಕಡತವನ್ನು ಕೇಳತೊಡಗಿತು. ಕೇಳುವ ಪ್ರಶ್ನೆಯಾದರೂ ನಮ್ಮ ಹಳ್ಳಿ ಬಸ್ಸಿನಲ್ಲಿ ಪಕ್ಕದವರು ಕೇಳುವಂಥದೇ: ಯಾವೂರಾಯ್ತು? ಇಂಟರ್ನೆಟ್ಟಿನಿಂದ ಇಳಿದ ಕಡತಕ್ಕೆ ವಿಂಡೋಸ್ ಗುಟ್ಟಾಗಿ ಒಂದು ಚೀಟಿ ಅಂಟಿಸುತ್ತದೆ, 'ವಲಯ 3' ಅಂತ. ಚೀಟಿ ಇದ್ದರೆ ಮ್ಯಾಕ್ರೋ ಬಂದ್. ಒಳಗೆ ಬರೆದದ್ದು ತೆರಿಗೆ ಲೆಕ್ಕವೋ ತಲೆಹಿಡುಕತನವೋ, ಅದು ಆಮೇಲಿನ ಮಾತು. ಊರು ನೋಡಿ ಮನುಷ್ಯನನ್ನು ಅಳೆಯಬಾರದು ಅಂತ ಜೀವನವಿಡೀ ಪಾಠ ಮಾಡಿದ ನನಗೆ ಇದು ಒಪ್ಪಿಗೆಯಾಗಬಾರದಿತ್ತು. ಆದರೆ ಆಗಿದೆ.

ತಮಾಷೆಯೆಂದರೆ, ಹಳೇ ಎಫ್‌ಎಟಿ32 ಪೆನ್‌ಡ್ರೈವಿಗೆ ಹಾಕಿ ತೆಗೆದರೆ ಚೀಟಿ ಉದುರಿಹೋಗುತ್ತದೆ. ಅದನ್ನು ಹೊತ್ತೊಯ್ಯುವ ಏರ್ಪಾಡೇ ಆ ಡ್ರೈವಿನಲ್ಲಿಲ್ಲ. ಸ್ಟಾಫ್ ರೂಮಿನಲ್ಲಿ ಪೆನ್‌ಡ್ರೈವಿನಿಂದ ಬಂದ ಹಾಳೆ ಸಾಧುವಿನಂತೆ ತೆರೆದು, ವಾಟ್ಸ್‌ಆ್ಯಪ್‌ನಿಂದ ಬಂದ ಅದೇ ಹಾಳೆ ಕೆಂಪಾಗುವುದು ಇದಕ್ಕೇ. ಕಳಿಸಿದವರ ಗುರುತಿದ್ದರೆ ಕಡತದ ಪ್ರಾಪರ್ಟೀಸಿನಲ್ಲಿ 'ಅನ್‌ಬ್ಲಾಕ್' ಎಂಬಲ್ಲಿ ಗೀಟು ಹಾಕಿದರಾಯಿತು. ಮೇಷ್ಟ್ರು ಈಗ ಅದನ್ನೂ ದಪ್ಪಕ್ಷರದಲ್ಲಿ ಸೇರಿಸಿದ್ದಾರೆ.

ಮೈಕ್ರೋಸಾಫ್ಟಿನ ಈ ನಿರ್ಬಂಧ 2022ರ ಜುಲೈನಲ್ಲಿ ಕೆಲವು ದಿನ ಹಿಂದೆ ಸರಿದು, ಅದೇ ತಿಂಗಳು ಮತ್ತೆ ಬಂತು. ಕಳ್ಳರೇನೂ ಕೈಕಟ್ಟಿ ಕೂರಲಿಲ್ಲ. ನವೆಂಬರಿನಲ್ಲಿ ಎಮೊಟೆಟ್ ಎಂಬ ಮಾರಿ ಹಂಚಿದ ಎಕ್ಸೆಲ್ ಹಾಳೆಗಳಲ್ಲಿ ಹೊಸ ವಿನಂತಿಯಿತ್ತು: ಈ ಕಡತವನ್ನು ಆಫೀಸಿನ ಟೆಂಪ್ಲೇಟ್ಸ್ ಫೋಲ್ಡರಿಗೆ ನಕಲಿಸಿ ಅಲ್ಲಿಂದ ತೆರೆಯಿರಿ. ಆ ಫೋಲ್ಡರು ಎಕ್ಸೆಲ್ಲಿನ ನಂಬಿಕೆಯ ಜಾಗ. ಅಲ್ಲಿ ಯಾರನ್ನೂ ಊರು ಕೇಳುವುದಿಲ್ಲ. ಯಾವ ಆವೃತ್ತಿಗೆ ಯಾವ ಫೋಲ್ಡರು ಅಂತ ದಾರಿಯನ್ನೂ ಬೇರೆಬೇರೆಯಾಗಿ ಬರೆದುಕೊಟ್ಟಿದ್ದರಂತೆ. ತೆರಿಗೆ ಇಲಾಖೆಯ ಸೂಚನೆಗಳೂ ಇಷ್ಟು ಸ್ಪಷ್ಟವಾಗಿದ್ದದ್ದು ನಾನು ಕಂಡಿಲ್ಲ.