ಮಧ್ಯಮ ಗಾತ್ರದ ನಾಯಿಗೆ ಊಟ ಹಾಕುವ ವಿಧಾನ: ಸೇಡಂ–ಚಿತ್ತಾಪುರ ಆವೃತ್ತಿ

ಮೊದಲು ನಾಯಿ ಮಧ್ಯಮ ಗಾತ್ರದ್ದೇ ಎಂದು ಖಾತ್ರಿ ಮಾಡಿಕೊಳ್ಳಿ. ತೂಕ 10ರಿಂದ 25 ಕೆ.ಜಿ. ಇರಬೇಕು. ತಕ್ಕಡಿಯ ಮೇಲೆ ನಾಯಿ ನಿಲ್ಲುವುದಿಲ್ಲ. ಎತ್ತಿಕೊಂಡು ನೀವೇ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ. ನಿಮ್ಮ ತೂಕ ಯಾರಿಗೂ ಹೇಳಬೇಕಿಲ್ಲ. ಯಾರದೂ ಅಲ್ಲದ, ಹಾಗಾಗಿಯೇ ಇಡೀ ಓಣಿಯದಾದ ನಮ್ಮ ನಾಯಿಗಳು ಬಹುಪಾಲು ಈ ಗುಂಪಿನವೇ.

ಪಾಕೀಟಿನ ಆಹಾರವಾದರೆ ಮುಂಬದಿಯ ಚಿತ್ರ ನೋಡಬೇಡಿ. ಆ ನಾಯಿ ಮೇ ತಿಂಗಳಲ್ಲಿ ಶಹಾಬಾದಿಗೆ ಬಂದಿಲ್ಲ. ಹಿಂಬದಿಯ ಸಣ್ಣ ಅಕ್ಷರದಲ್ಲಿ ಅದು ಪೂರ್ಣ ಆಹಾರವೋ ಬರೀ ತಿನಿಸೋ ಎಂದು ಬರೆದಿರುತ್ತದೆ, ಓದಿ.

ಮನೆಯೂಟವಾದರೆ ಜೋಳದ ರೊಟ್ಟಿ. ತೋಳದ ವಂಶಕ್ಕೆ ರೊಟ್ಟಿ ಅರಗೀತೇ ಎಂದು ಕೇಳುವವರು ಸಿಗುತ್ತಾರೆ. ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು 2013ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಬಂದಿದೆ. ಸಾವಿರಾರು ವರ್ಷ ಮನುಷ್ಯನ ಕಣದ ಪಕ್ಕ ಕಾದು ಕೂತಿದ್ದಕ್ಕೆ ಸಿಕ್ಕ ಕೂಲಿ ಅದು. 15 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 850 ಕಿಲೊಕ್ಯಾಲೊರಿ ಬೇಕು: 50 ಗ್ರಾಂ ಹಿಟ್ಟಿನ ಮೂರು ರೊಟ್ಟಿ, ಒಂದು ತತ್ತಿ, 150 ಗ್ರಾಂ ಬೇಯಿಸಿದ, ಎಲುಬಿಲ್ಲದ ಕೋಳಿ. ಸುಣ್ಣದಂಶ ಇದರಲ್ಲಿ ಸಾಲದು. ಅದನ್ನು ಪಶುವೈದ್ಯರಿಗೆ ಕೇಳಿ. ಚಿಂಚೋಳಿಯ ಕಾಡಂಚಿನಲ್ಲಿ ದಿನವಿಡೀ ಕುರಿ ಕಾಯುವ ನಾಯಿಗೆ ಇನ್ನೊಂದು ರೊಟ್ಟಿ ಸೇರಿಸಿ. ವಾಡಿ ಜಂಕ್ಷನ್ನಿನ ನಾಯಿಗೆ ಸೇರಿಸಬೇಡಿ. ಹೈದರಾಬಾದಿಗೂ ಚೆನ್ನೈಗೂ ಹೋಗುವ ಪ್ರಯಾಣಿಕರು ಆಗಲೇ ಸೇರಿಸಿದ್ದಾರೆ.

ಎಚ್ಚರಿಕೆ: ಈ ಭಾಗ ಎರಡು ಸಲ ಓದಿ. ನಮ್ಮ ಕಡೆ ರುಚಿ ಎನ್ನುವುದೆಲ್ಲ ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲೇ ಇದೆ. ಪುಂಡಿಪಲ್ಯದಲ್ಲಿ ಬಳ್ಳೊಳ್ಳಿ, ಶೇಂಗಾ ಹಿಂಡಿಯಲ್ಲಿ ಬಳ್ಳೊಳ್ಳಿ, ಬ್ಯಾಳಿಯಲ್ಲಿ ಎರಡೂ. ಇವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕುದಿಸಿದರೂ ವಿಷ ಹೋಗುವುದಿಲ್ಲ. 15 ಕೆ.ಜಿ. ನಾಯಿಗೆ 75 ಗ್ರಾಂ, ಎಂದರೆ ನಡು ಗಾತ್ರದ ಒಂದೇ ಉಳ್ಳಾಗಡ್ಡಿ, ಅಪಾಯಕ್ಕೆ ಸಾಕು. ನಿತ್ರಾಣ ಕಾಣುವುದು ಕೆಲವು ದಿನದ ಮೇಲೆ. ಅಷ್ಟರಲ್ಲಿ ಎಲ್ಲರೂ ತಪ್ಪನ್ನು ಬಿಸಿಲಿನ ಮೇಲೆ ಹಾಕಿರುತ್ತಾರೆ. ಮನೆಯ ಆಯಿ “ಇಷ್ಟ್ ವರ್ಷ ತಿಂದದ, ಏನ್ ಆಗ್ಯದ?” ಎನ್ನುತ್ತಾರೆ. ವಾದಕ್ಕೆ ಇಳಿಯಬೇಡಿ. “ಆಯಿ, ಒಗ್ಗರಣಿಗಿಂತ ಮೊದಲ ಒಂದ್ ಸೌಟ್ ಬ್ಯಾಳಿ ತಗದಿಡು” ಎಂದಷ್ಟೇ ಹೇಳಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಬಂದಿದೆ. ಒಗ್ಗರಣೆ ಇಲ್ಲದೆಯೂ ಅದರ ಮರ್ಯಾದೆಗೆ ಕುಂದಿಲ್ಲ.

ಪಾಯಸದ ಒಣದ್ರಾಕ್ಷಿ, ಚಾಕಲೇಟು, ಬೇಯಿಸಿದ ಎಲುಬು ಬೇಡವೇ ಬೇಡ.

ಬೇಸಿಗೆಯಲ್ಲಿ ಹೊತ್ತು ಏರುವ ಮೊದಲು ಒಮ್ಮೆ, ಇಳಿದ ಮೇಲೆ ಒಮ್ಮೆ ಹಾಕಿ. ನಡುವೆ ನೀರು, ಮಲಗಲು ಶಹಾಬಾದ್ ಪರ್ಸಿಯ ನೆಲ.

ದೋಷ ಪರಿಹಾರ: ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು, ಕಣ್ಣಿಗೆ ಕುಕ್ಕಬಾರದು. ಅಳತೆಯ ಊಟ ಹಾಕಿಯೂ ನಾಯಿ ದಪ್ಪಗಾಗುತ್ತಿದ್ದರೆ ಓಣಿಯಲ್ಲಿ ವಿಚಾರಿಸಿ. ಆಚೆಮನೆಯಲ್ಲಿ ಅದಕ್ಕೆ ಬೇರೆ ಹೆಸರಿರುತ್ತದೆ, ಮೂಲೆಮನೆಯಲ್ಲಿ ಮತ್ತೊಂದು. ದಿನದ ಅಳತೆಯ ರೊಟ್ಟಿಯನ್ನು ಮೂರರಿಂದ ಭಾಗಿಸಿ, ಅವರವರ ಪಾಲು ಅವರವರಿಗೆ ತಿಳಿಸಿ.