ಕಿತ್ತುಕೊಳ್ಳಲಿಕ್ಕಾದರೂ ಇರಬೇಕಲ್ಲ!

ದೇಶಕ್ಕೆ ಮೂಲಭೂತ ಹಕ್ಕುಗಳ ಪಟ್ಟಿ ಅಂತ ಒಂದು ಬೇಕೇ ಎಂಬ ಜಗಳ ಹಳೆಯದು. ಆಸ್ಟ್ರೇಲಿಯಾದವರು ರಾಷ್ಟ್ರಮಟ್ಟದಲ್ಲಿ ಅಂಥದ್ದೊಂದನ್ನು ಬರೆದುಕೊಳ್ಳದೆಯೇ 1901ರಿಂದ ಕಾಲ ಹಾಕಿದ್ದಾರೆ. ಸ್ಟಾಲಿನ್ 1936ರ ಸಂವಿಧಾನದಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಮೆರವಣಿಗೆಯ ಸ್ವಾತಂತ್ರ್ಯ ಎಲ್ಲವನ್ನೂ ಧಾರಾಳವಾಗಿ ಬರೆಸಿ, ಮರುವರ್ಷದಿಂದಲೇ ಜನರನ್ನು ಲಕ್ಷಗಟ್ಟಲೆ ಗುಂಡಿಗೆ ಬಲಿ ಕೊಟ್ಟ. ಹೀಗಾಗಿ ವಾದ ಬಗೆಹರಿಯುವುದೇ ಇಲ್ಲ. ಎಡವಟ್ಟಾಗಿರುವುದು ಎಲ್ಲಿ ಅಂದರೆ, ಎಲ್ಲರೂ ಪ್ರಜೆಗೆ ಹಕ್ಕು ಬೇಕೇ ಎಂದು ಕೇಳುತ್ತಾರೆ. ಪ್ರಜೆ ಹೇಗೋ ಸುಧಾರಿಸಿಕೊಂಡು ಹೋಗುತ್ತಾನೆ, ಅವನಿಗೆ ಅಭ್ಯಾಸವಿದೆ. ಹಕ್ಕುಗಳಿಲ್ಲದಿದ್ದರೆ ಪರದಾಡುವುದು ಸರ್ಕಾರ. ಪಾಪ, ಅದು ಯಾವುದನ್ನು ಅಮಾನತಿನಲ್ಲಿಡಬೇಕು? ಯಾವುದಕ್ಕೆ ತಿದ್ದುಪಡಿ ತರಬೇಕು?

ನಮ್ಮ ಹಿರಿಯರು ಇದನ್ನು ಮೊದಲೇ ಯೋಚಿಸಿದ್ದರು. 19ನೇ ವಿಧಿಯನ್ನೇ ನೋಡಿ. ಮೊದಲ ಉಪವಿಧಿಯಲ್ಲಿ ಸ್ವಾತಂತ್ರ್ಯಗಳನ್ನು ಕೊಟ್ಟು, ಎರಡರಿಂದ ಆರರವರೆಗಿನ ಉಪವಿಧಿಗಳಲ್ಲಿ 'ಆದರೆ' ಎಂದಿದ್ದಾರೆ. ದೀಪಾವಳಿ ರಿಯಾಯಿತಿಯ ಜಾಹೀರಾತಿನಲ್ಲಿ 'ಷರತ್ತು ಅನ್ವಯ' ಎಂಬುದನ್ನು ಇರುವೆ ಸೈಜಿನಲ್ಲಿ ಅಚ್ಚು ಹಾಕುತ್ತಾರೆ. ಇಲ್ಲಿ ಅದನ್ನೂ ದಪ್ಪ ಅಕ್ಷರದಲ್ಲೇ ಕೊಟ್ಟಿರುವುದು ಪ್ರಾಮಾಣಿಕತೆ. ಬಂಧಿತನಿಗೆ ರಕ್ಷಣೆ ಕೊಡುವ 22ನೇ ವಿಧಿಯೇ ವಿಚಾರಣೆಯಿಲ್ಲದೆ ಮುಂಜಾಗ್ರತೆಗಾಗಿ ಬಂಧಿಸಿಡಲೂ ದಾರಿ ಮಾಡಿಕೊಟ್ಟಿದೆ. ಅದೂ ಹಕ್ಕುಗಳ ಅಧ್ಯಾಯದಲ್ಲೇ! ಇವುಗಳಲ್ಲಿ ಹಲವನ್ನು ಪೊಲೀಸ್ ಕಾನ್‌ಸ್ಟೆಬಲ್‌ನ ಕಣ್ಣಿಂದ ನೋಡಿ ಬರೆದಂತಿದೆ ಎಂದು ಸೋಮನಾಥ ಲಾಹಿರಿ 1947ರಲ್ಲೇ ಸಂವಿಧಾನ ಸಭೆಯಲ್ಲಿ ಗೊಣಗಿದ್ದರು. ಕಮ್ಯುನಿಸ್ಟರ ಮಾತನ್ನು ಯಾರು ಕೇಳುತ್ತಾರೆ?

1950ರಲ್ಲಿ 'ಕ್ರಾಸ್ ರೋಡ್ಸ್' ಪತ್ರಿಕೆಯ ಮೇಲೆ ಮದ್ರಾಸ್ ಸರ್ಕಾರ ಹೇರಿದ್ದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ಹಕ್ಕು ನಿಜಕ್ಕೂ ಕೆಲಸ ಮಾಡುತ್ತದೆಂದು ಗೊತ್ತಾದ ಮೇಲೆ ಸುಮ್ಮನಿರಲಾದೀತೇ? 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ಬಂತು. ಆಗಿನ್ನೂ ದೇಶದಲ್ಲಿ ಮೊದಲ ಮಹಾಚುನಾವಣೆಯೇ ನಡೆದಿರಲಿಲ್ಲ.

ಆದರೆ ಪಟ್ಟಿಯ ಪೂರ್ತಿ ಪ್ರಯೋಜನ ಪಡೆದದ್ದು 1975ರಲ್ಲಿ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರನ್ನು ಜೂನ್ 26ರಂದು ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದರು. ಮರುದಿನ ರಾಷ್ಟ್ರಪತಿಗಳ ಆದೇಶ: 14, 21 ಮತ್ತು 22ನೇ ವಿಧಿಗಳ ಹಕ್ಕಿಗಾಗಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವಂತಿಲ್ಲ. ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹತ್ತಬಹುದು ಅಂದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ವೈಯಕ್ತಿಕ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದ್ದಕ್ಕೆ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ, ಖನ್ನಾ ಒಬ್ಬರೇ ಎದುರು. ಬಂದಿಗಳನ್ನು ಸರ್ಕಾರ ಹೆಚ್ಚೂಕಮ್ಮಿ ತಾಯಿಯಂತೆ ನೋಡಿಕೊಳ್ಳುತ್ತಿದೆ ಎಂದು ತೀರ್ಪಿನಲ್ಲಿ ಕೊಂಡಾಡಿದ ಎಂ.ಎಚ್. ಬೇಗ್ ಮುಂದಿನ ವರ್ಷ ಖನ್ನಾರನ್ನು ಹಿಂದಿಕ್ಕಿ ಮುಖ್ಯ ನ್ಯಾಯಮೂರ್ತಿಯಾದರು.

ಆ ತಾಯಿಯ ಆರೈಕೆ ಹೇಗಿತ್ತೆಂದು ಸ್ನೇಹಲತಾ ರೆಡ್ಡಿ ಅವರನ್ನು ಕೇಳಬೇಕಿತ್ತು. 'ಸಂಸ್ಕಾರ'ದ ಚಂದ್ರಿ. ತೀರ್ಪು ಬಂದ ಬೆನ್ನಲ್ಲೇ, ಮೇ ತಿಂಗಳಲ್ಲಿ ಬಂಧನ, ಅದೇ ಬೆಂಗಳೂರಿನ ಜೈಲು, ಜೊತೆಗೆ ಉಬ್ಬಸ. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟರು. ಕೆಲವೇ ದಿನಗಳಲ್ಲಿ ತೀರಿಕೊಂಡರು.

ಅಂದಹಾಗೆ, ಹಕ್ಕುಗಳು ಅಮಾನತಿನಲ್ಲಿದ್ದ ಆ 1976ರಲ್ಲೇ ಸಂವಿಧಾನಕ್ಕೆ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಿದರು. ಪ್ರಜೆಯ ಕೈ ಖಾಲಿ ಇರಬಾರದಲ್ಲ.

ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟ್ ಔಪಚಾರಿಕವಾಗಿ ಅದನ್ನು ತಳ್ಳಿಹಾಕಿದ್ದು 2017ರಲ್ಲಿ. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, 1976ರ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡ್ ಅವರ ತೀರ್ಪನ್ನು ತಪ್ಪೆಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ನಲವತ್ತೊಂದು ವರ್ಷ. ನಿಧಾನವಾಯಿತು ಎನ್ನುವವರು ನಂತರದ ಪ್ರಗತಿ ಗಮನಿಸಲಿ. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಸೆಕ್ಷನ್ 144 ಹಾಕಿದರು. ಇತಿಹಾಸಕಾರ ರಾಮಚಂದ್ರ ಗುಹಾ ಟೌನ್‌ಹಾಲ್ ಬಳಿ ಟಿವಿಯವರ ಮೈಕಿಗೆ ಮಾತಾಡುತ್ತಿರುವಾಗಲೇ ಪೊಲೀಸರು ತೋಳು ಹಿಡಿದು ಎಳೆದೊಯ್ದರು. ಆ ನಿಷೇಧಾಜ್ಞೆಯೇ ಕಾನೂನುಬಾಹಿರ ಎಂದು ಹೈಕೋರ್ಟ್ ಹೇಳಿದ್ದು 2020ರ ಫೆಬ್ರುವರಿಯಲ್ಲಿ. ಮೂರು ದಿನದ ಆಜ್ಞೆಗೆ ಬರೀ ಎರಡು ತಿಂಗಳು! ಇದೇ ವೇಗದಲ್ಲಿ ಹೋದರೆ ಲಾಠಿ ಬೆನ್ನಿಗೆ ಬಿದ್ದ ವಾರದೊಳಗೇ ಹಕ್ಕು ಸಿಕ್ಕರೂ ಸಿಕ್ಕೀತು.

ಇಷ್ಟಾದರೂ ಜನ ಸೇರುವುದು ನಿಲ್ಲಲಿಲ್ಲವಾಗಿ, ಬೆಂಗಳೂರಿನಲ್ಲಿ ಪ್ರತಿಭಟಿಸುವವರು ಫ್ರೀಡಂ ಪಾರ್ಕಿನಲ್ಲೇ ಪ್ರತಿಭಟಿಸತಕ್ಕದ್ದು ಎಂದು 2021ರಲ್ಲಿ ಆದೇಶವಾಯಿತು. ಜಾಗ ನೋಡಿದವರಿಗೆ ಗೊತ್ತು: ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಪಾರ್ಕಾದ ಹಳೆಯ ಸೆಂಟ್ರಲ್ ಜೈಲೇ ಅದು. ಕಾವಲು ಗೋಪುರ ಇನ್ನೂ ಗಟ್ಟಿಮುಟ್ಟಾಗಿದೆ. ಸಭೆ ಸೇರುವ ಹಕ್ಕು ಪೂರ್ತಿ ಊರ್ಜಿತದಲ್ಲಿದೆ, ಕಾಂಪೌಂಡಿನ ಒಳಗೆ. ಅದಕ್ಕೂ ಮೊದಲು ಪೊಲೀಸರಿಗೆ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. 1975ರಲ್ಲಿ ಅರ್ಜಿಯ ರಗಳೆ ಇರಲಿಲ್ಲ. ಪೊಲೀಸರೇ ಜೀಪು ತಂದು ಕರೆದುಕೊಂಡು ಹೋಗುತ್ತಿದ್ದರು.