ಸಿಕ್ಸ್ ಪ್ಯಾಕ್: ಬಳಕೆದಾರರ ಕೈಪಿಡಿ

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಆವೃತ್ತಿ. ಇತರ ಕಡೆಯ ಹೊಟ್ಟೆಗಳಿಗೆ ಅನ್ವಯಿಸುವುದಿಲ್ಲ.)

ಮಾಲಿನ ಪರಿಚಯ

ಮೊದಲು ಸಂತೋಷದ ಸುದ್ದಿ. ಮಾಲು ನಿಮ್ಮ ಮನೆ ಸೇರಿ ಎಷ್ಟೋ ವರ್ಷವಾಗಿದೆ. ಪಕ್ಕೆಲುಬಿನಿಂದ ಕಿಬ್ಬೊಟ್ಟೆಯ ಮೂಳೆಯವರೆಗೆ ಎರಡು ಉದ್ದನೆಯ ಸ್ನಾಯುಗಳು ಅಕ್ಕಪಕ್ಕ ಇಳಿದಿವೆ. ನಡುವೆ ಒಂದು ಬಿಳಿ ನಾರಿನ ಗೆರೆ, ಅಡ್ಡಕ್ಕೆ ಸಾಮಾನ್ಯವಾಗಿ ಮೂರು ನಾರಿನ ಪಟ್ಟಿ. ಈ ಗೆರೆ-ಪಟ್ಟಿಗಳ ನಡುವೆ ಸ್ನಾಯು ಉಬ್ಬಿ ಕಂಡರೆ ಅದೇ ಸಿಕ್ಸ್ ಪ್ಯಾಕ್. ಪಟ್ಟಿ ಎಷ್ಟು, ನೇರವೋ ಸೊಟ್ಟವೋ ಎಂಬುದು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತೀರ್ಮಾನವಾಗಿರುತ್ತದೆ. ಅದರಂತೆ ಉಬ್ಬು ಕೆಲವರಿಗೆ ನಾಲ್ಕು, ಕೆಲವರಿಗೆ ಎಂಟು. ನಿಪ್ಪಾಣಿಯ ಜಿಮ್ಮಿಗೆ ಹೋದರೂ ಅಷ್ಟೆ, ಮುಂಬೈ ಜಿಮ್ಮಿಗೆ ಹೋದರೂ ಅಷ್ಟೆ, ನಾಲ್ಕು ಇದ್ದದ್ದು ಆರಾಗುವುದಿಲ್ಲ.

ಹಾಗಾದರೆ ಕಾಣುವುದಿಲ್ಲವೇಕೆ? ಮೇಲೆ ಕೊಬ್ಬಿನ ಹೊದಿಕೆ ಇದೆ. ಮುಂದಿನ ಸೂಚನೆಗಳೆಲ್ಲ ಆ ಹೊದಿಕೆ ಬಿಚ್ಚುವುದಕ್ಕೆ ಸಂಬಂಧಿಸಿದವು.

ಹೊದಿಕೆ ಬಿಚ್ಚುವ ವಿಧಾನ

ಗಂಡಸರ ಮೈಯಲ್ಲಿ ಕೊಬ್ಬು ಶೇಕಡಾ 10-12ರ ಆಸುಪಾಸಿಗೆ ಇಳಿದರೆ ಗೆರೆಗಳು ಏಳುತ್ತವೆ. ಹೆಂಗಸರ ದೇಹಕ್ಕೆ ಕೊಬ್ಬು ಹೆಚ್ಚು ಬೇಕು. ಗೆರೆಯ ಆಸೆಗೆ ಅತಿಯಾಗಿ ಇಳಿಸಿದರೆ ತಿಂಗಳ ಮುಟ್ಟೇ ನಿಲ್ಲಬಹುದು. ಅವರು ಕೈಪಿಡಿಯನ್ನು ಇಲ್ಲಿಗೇ ಮುಚ್ಚಿ ಅಣ್ಣನಿಗೋ ಗಂಡನಿಗೋ ದಾಟಿಸಬಹುದು.

ದಿನಕ್ಕೆ ಐನೂರು ಸಲ ಮಲಗಿ ಎದ್ದರೆ ಹೊಟ್ಟೆ ಕರಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಹಾಗೆ ಮಾಡಿದರೆ ಸ್ನಾಯು ಗಟ್ಟಿಯಾಗುತ್ತದೆ, ಅದು ಸುಳ್ಳಲ್ಲ. ಕೊಬ್ಬು ಮಾತ್ರ ತನಗೆ ಬೇಕಾದ ಕಡೆಯಿಂದಲೇ ಇಳಿಯುತ್ತದೆ, ನೀವು ತೋರಿಸಿದ ಕಡೆಯಿಂದಲ್ಲ. ಬಹುತೇಕ ಗಂಡಸರಿಗೆ ಮೊದಲು ಮುಖ ಇಳಿಯುತ್ತದೆ, ಹೊಟ್ಟೆಯ ಸರದಿ ಕೊನೆಗೆ. ಆದ್ದರಿಂದ ನಿಮ್ಮ ಸಾಧನೆಯ ಮೊದಲ ಸುದ್ದಿ ಓಣಿಗೆ ತಲುಪುವುದು ಹೀಗೆ: "ಯಾಕೋ ತಮ್ಮಾ, ಮಾರಿ ಬಾಡೇತಿ, ಮನ್ಯಾಗ ಏನರ ತಾಪತ್ರಯ ಐತೇನ?"

ಈಗ ಲೆಕ್ಕ. 80 ಕಿಲೊ ತೂಕ, ಶೇಕಡಾ 25 ಕೊಬ್ಬು ಇರುವ ಬಳಕೆದಾರರೊಬ್ಬರನ್ನು ತೆಗೆದುಕೊಳ್ಳೋಣ. ಯಾವ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಮುಂದೆ ನಿಂತರೂ ಸಿಗುತ್ತಾರೆ. ಇವರ ಮೈಯಲ್ಲಿರುವುದು 20 ಕಿಲೊ ಕೊಬ್ಬು. ಸ್ನಾಯು ಒಂದಿಷ್ಟೂ ಕಳೆಯದೆ ಶೇಕಡಾ 12ಕ್ಕೆ ಬರಬೇಕೆಂದರೆ ಹತ್ತಿರ ಹತ್ತಿರ 12 ಕಿಲೊ ಕೊಬ್ಬು ಹೋಗಬೇಕು. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೊಗೆ ಸ್ವಲ್ಪ ಕಡಿಮೆ. ಒಟ್ಟು ಆರು ತಿಂಗಳ ಮೇಲಾಯಿತು. ಉಗಾರದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಹೊತ್ತಿಸಿದ ದಿನವೇ ನೀವೂ ಶುರು ಮಾಡಿದಿರಿ ಎನ್ನಿ. ಕಬ್ಬಿನ ಹಂಗಾಮು ಮುಗಿದು ಕಾರ್ಖಾನೆ ಬಂದಾದ ಮೇಲೂ ನಿಮ್ಮದು ನಡೆದೇ ಇರುತ್ತದೆ.

ಹಂಗಾಮಿನ ಒಳಗೆ ಬರುವುದೇನೇನು ನೋಡಿ. ದೀಪಾವಳಿಯ ಫರಾಳ. ಎಳ್ಳ ಅಮಾವಾಸ್ಯೆಗೆ ಅಥಣಿ ಕಡೆಯ ಎರೆಹೊಲದಲ್ಲಿ ಚರಗ ಚೆಲ್ಲಿ ಕೂತು ಉಣ್ಣುವ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಕಡಬು. ಸಂಕ್ರಾಂತಿಯ ಎಳ್ಳು-ಬೆಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆ. ಶಿವರಾತ್ರಿ, ಹೋಳಿ, ಕೊನೆಗೆ ಯುಗಾದಿ. ಮಧ್ಯೆ ಸಿಕ್ಕ ಜಾಗದಲ್ಲೆಲ್ಲ ಮದುವೆ. ಅಂಗೈಯಗಲದ ಎರಡು ಶೇಂಗಾ ಹೋಳಿಗೆ, ಮೇಲೆ ಒಂದು ದೊಡ್ಡ ಚಮಚ ತುಪ್ಪ ಬಿತ್ತೆಂದರೆ ಆ ದಿನದ 500 ಕ್ಯಾಲೊರಿಯ ಉಳಿತಾಯ ಅಲ್ಲಿಗೆ ಚುಕ್ತಾ. ನಮ್ಮ ಕಡೆ ಎರಡಕ್ಕೆ ಯಾರು ಬಿಡುತ್ತಾರೆ?

ಬಡಿಸುವವರನ್ನು ನಿಭಾಯಿಸುವುದು

ಇದು ಕೈಪಿಡಿಯ ಅತಿ ಕಠಿಣ ಭಾಗ. ಡಂಬೆಲ್ ಎತ್ತುವುದು ಯಾರಿಂದಲೂ ಆದೀತು. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರೀ ಕಾಕು" ಅಂದು, ಆ ಕೈಯನ್ನು ಕೊನೆಯವರೆಗೂ ತೆಗೆಯದೆ ಇರುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಕಾಕು ಪಾತ್ರೆ ಹಿಡಿದು ನಿಂತೇ ಇರುತ್ತಾರೆ. ಬೆರಳ ಸಂದಿಯಿಂದ ಹೋಳಿಗೆ ಜಾರಿಸುವ ಕಲೆ ಅವರಿಗೆ ಗೊತ್ತು. "ಯಾಕೋ, ಸಕ್ಕರಿ ರೋಗ ಬಂದೇತೇನ ಇಷ್ಟ ಸಣ್ಣ ವಯಸ್ಸಿನ್ಯಾಗ?" ಅಂತ ಕೇಳಿದಾಗ ಹೌದು ಎಂದು ಸುಳ್ಳು ಹೇಳಬೇಡಿ. ಸಂಜೆಯೊಳಗೆ ಸುದ್ದಿ ರಾಯಬಾಗ ದಾಟಿ ಹೆಣ್ಣು ಕೊಡಲು ಯೋಚಿಸುತ್ತಿದ್ದವರ ಮನೆ ಮುಟ್ಟುತ್ತದೆ.

ಉಪವಾಸ ಎಂದು ಹೇಳುವುದು ಮೇಲು. ಹರಕೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಕೂಡಲೇ ಒಳಗಿನಿಂದ ಉಪವಾಸದ ಫಳಾರ ಬರುತ್ತದೆ: ಸಾಬೂದಾಣಿ ಖಿಚಡಿ, ಅದರ ತುಂಬ ಶೇಂಗಾ ಪುಡಿ, ಪಕ್ಕದಲ್ಲಿ ಬಾಳೆಹಣ್ಣು, ಮೇಲೆ ಕೆನೆ ಮೊಸರು. ಬರೀ ಊಟ ಮಾಡಿ ಎದ್ದಿದ್ದರೇ ಕಡಿಮೆಯಾಗುತ್ತಿತ್ತು.

ಜಿಮ್ಮಿನವರು ಇಂಟರ್ಮಿಟೆಂಟ್ ಫಾಸ್ಟಿಂಗ್ ಎಂದು ಮಾರುವುದನ್ನು ಈ ಗಡಿಯ ಊರುಗಳಿಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆಗಳು ಇಲ್ಲಿ ಊರೂರಿಗೂ ಇವೆ. 1946ರಲ್ಲಿ ಸದಲಗಾದಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರರು ದಿಗಂಬರ ಮುನಿಗಳ ಪದ್ಧತಿಯಂತೆ ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಅಂಗೈಯಲ್ಲೇ ಆಹಾರ ತೆಗೆದುಕೊಂಡು ದಶಕಗಳನ್ನು ಕಳೆದರು. ಅವರು ಹಸಿದದ್ದು ಮೈಯ ಮೋಹ ಬಿಡಲಿಕ್ಕೆ. ನಮ್ಮ ಬಳಕೆದಾರರು ಹಸಿಯುವುದು ಆ ಮೋಹಕ್ಕೆ ಫೋಟೊ ತೆಗೆಸಲಿಕ್ಕೆ. ಎರಡಕ್ಕೂ ಒಂದೇ ಗಡಿಯಾರ ಸಾಕಾಗುವುದು ವಿಚಿತ್ರ.

ಇಂಧನ

ಕೊಬ್ಬು ಇಳಿಯುವಾಗ ಸ್ನಾಯು ಉಳಿಯಬೇಕಾದರೆ ಭಾರ ಎತ್ತಬೇಕು, ಜೊತೆಗೆ ಪ್ರೋಟೀನ್ ಬೇಕು: ಕಿಲೊ ತೂಕಕ್ಕೆ 1.6 ಗ್ರಾಂ ಎಂಬುದು ಒಪ್ಪಿತ ಲೆಕ್ಕ. 80 ಕಿಲೊಗೆ 128 ಗ್ರಾಂ. ಶೇಂಗಾ ಇದೆಯಲ್ಲ ಎಂದು ಹಿಗ್ಗಬೇಡಿ. ನೂರು ಗ್ರಾಂ ಶೇಂಗಾದಲ್ಲಿ 25 ಗ್ರಾಂ ಪ್ರೋಟೀನ್ ಇರುವುದು ನಿಜ, 560ಕ್ಕೂ ಹೆಚ್ಚು ಕ್ಯಾಲೊರಿ ಇರುವುದೂ ನಿಜ. ಮೊಟ್ಟೆಗೆ 6 ಗ್ರಾಂ, ಅದು ಅಡುಗೆಮನೆಯ ಹೊಸ್ತಿಲು ದಾಟುವಂತಿದ್ದರೆ. ದಾಟದ ಮನೆಗಳ ಹುಡುಗರು ಬಸ್‌ಸ್ಟ್ಯಾಂಡಿನ ಅಂಡಾ ಗಾಡಿಯ ಹಿಂದೆ, ಕರೆಂಟು ಕಂಬದ ನೆರಳಿನಲ್ಲಿ ನಿಂತು, ಹಳದಿಯನ್ನು ಬೆರಳಿನಿಂದ ಬಿಡಿಸಿ ನಾಯಿಗೆ ಹಾಕುತ್ತ ಬಿಳಿಯನ್ನಷ್ಟೇ ತಿನ್ನುವುದನ್ನು ನೋಡಬಹುದು. ಆ ಗಾಡಿಯ ಸುತ್ತಲಿನ ನಾಯಿಗಳು ಒಳ್ಳೆ ಮೈ ಹಿಡಿದಿವೆ.

ಮನೆಯಲ್ಲೇ ಮಾಡಿಸಿಕೊಳ್ಳುವವರಿಗೆ ಒಂದು ಮಾತು. ನಿಮಗೆ ಎಣ್ಣೆ ಇಲ್ಲದ ಮೊಳಕೆ ಮಡಿಕಿಕಾಳು, ಬೇರೆಯವರಿಗೆ ಬೇರೆ ಪಲ್ಯ, ರೊಟ್ಟಿ ತೂಕಕ್ಕೆ ಎರಡೇ ಎಂದರೆ, ನಸುಕಿನಲ್ಲಿ ಎದ್ದು ಎರಡು ಒಲೆಯ ಲೆಕ್ಕ ನೋಡುವವರು ನೀವಲ್ಲ, ಅವ್ವ ಅಥವಾ ಹೆಂಡತಿ. ಫೋಟೊದಲ್ಲಿ ಅವರು ಇರುವುದಿಲ್ಲ.

ಹಳೆಯ ಮಾದರಿಯ ಬಗ್ಗೆ

ಬಳಕೆದಾರರು ಆಗಾಗ ಕೇಳುತ್ತಾರೆ: ನಮ್ಮ ಕಡೆ ಇಷ್ಟೊಂದು ಪೈಲ್ವಾನರು ಆಗಿ ಹೋದರಲ್ಲ, ಅವರಿಗೆ ಇದು ಇತ್ತೇ?

ಚಿಕ್ಕೋಡಿ ತಾಲೂಕಿನ ಯಕ್ಸಂಬಾದಲ್ಲಿ ಹುಟ್ಟಿ, ಕೊಲ್ಹಾಪುರದ ಮಣ್ಣಿನಲ್ಲಿ ಪಳಗಿದ ಶ್ರೀಪತಿ ಖಂಚನಾಳೆ 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್‌ರನ್ನು ಕೆಡವಿ ದೇಶದ ಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡರು. ಆ ಕಾಲದ ಮಣ್ಣಿನ ಕುಸ್ತಿಯವರ ಫೋಟೊಗಳು ಹಳೆಯ ತಾಲೀಮುಗಳ ಗೋಡೆಯ ಮೇಲೆ ಇನ್ನೂ ತೂಗುತ್ತವೆ. ಎದೆ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಯಿತೆಂದು ಹೇಳಲಾಗದಂಥ ದಪ್ಪ ನಡು, ಎರಡು ಕೈಯಲ್ಲಿ ತಬ್ಬಲಾಗದ ತೊಡೆ, ತಲೆಗಿಂತ ಅಗಲ ಕುತ್ತಿಗೆ. ಗೆರೆ ಹುಡುಕಿದರೂ ಸಿಗುವುದಿಲ್ಲ. ನಸುಕಿನಲ್ಲಿ ನೂರಾರು ದಂಡ-ಬೈಠಕ್, ಮಜ್ಜಿಗೆ ಅರಿಶಿಣ ಕಲಸಿದ ಕೆಂಪು ಮಣ್ಣನ್ನು ಸಲಿಕೆಯಿಂದ ಮಗುಚುವುದು, ಅದರಲ್ಲಿ ಜೋಡಿ ಹಿಡಿಯುವುದು, ಆಮೇಲೆ ಹಾಲು, ತುಪ್ಪ, ಅರೆದ ಬಾದಾಮಿಯ ಖುರಾಕು. ಎದುರಾಳಿ ಢಾಕ್ ಹಾಕಿ ಎತ್ತಲು ಬಂದಾಗ ಎದ್ದು ಬರಬಾರದು, ಘಿಸ್ಸಾ ಎಳೆದಾಗ ತಿರುಗಬಾರದು. ಅವರ ನಡು ಇದ್ದದ್ದು ಅದಕ್ಕೆ. ತೂಕದ ವರ್ಗವೇ ಇಲ್ಲದ, ಒಬ್ಬರ ಬೆನ್ನು ಮಣ್ಣಿಗೆ ತಾಗುವವರೆಗೆ ನಡೆಯುವ ನಿಕಾಲಿ ಕುಸ್ತಿಯಲ್ಲಿ ನಾಲ್ಕು ಕಿಲೊ ಹೆಚ್ಚಿದ್ದರೆ ಲಾಭವೇ. 1912ರಲ್ಲಿ ಶಾಹೂ ಮಹಾರಾಜರು ಕೊಲ್ಹಾಪುರದಲ್ಲಿ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನಕ್ಕೆ ನಮ್ಮ ಕಡೆಯಿಂದ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವರು ನೋಡುತ್ತಿದ್ದದ್ದು ಒಂದೇ: ಯಾರು ಚಿತ್ ಆದರು?

ಗೆರೆ ಎದ್ದ ಹೊಟ್ಟೆ ಈ ಸೀಮೆಯಲ್ಲಿ ಯಾವಾಗಲೂ ಇತ್ತು, ಕಬ್ಬು ಕಡಿಯುವ ಗ್ಯಾಂಗಿನವರಿಗೆ. ಇಬ್ಬನಿ ಆರುವ ಮೊದಲೇ ಕೊಯ್ತಾ ಹಿಡಿದು ಬಗ್ಗಿ, ಮಧ್ಯಾಹ್ನದ ಮೇಲೆ ಹೊರೆ ತಲೆಯ ಮೇಲೆ ಹೊತ್ತು, ಅಲುಗಾಡುವ ಹಲಗೆ ಏರಿ ಟ್ರೇಲರಿಗೆ ಎಸೆಯುವವರು. ಅದನ್ನು ಯಾರೂ ಸೌಂದರ್ಯ ಎಂದು ಕರೆಯಲಿಲ್ಲ. ಹೆಣ್ಣು ಕೊಡಲು ಬಂದವರ ಕಣ್ಣಿಗೆ ವರನ ಅಪ್ಪನ ಹೊಟ್ಟೆಯೇ ಹೊಲದ ಉತಾರವಾಗಿತ್ತು. ಎಷ್ಟು ಎಕರೆ ನೀರಾವರಿ ಎಂದು ಅದರ ಮೇಲೆ ಓದಿಕೊಳ್ಳುತ್ತಿದ್ದರು. ತೆಳ್ಳಗಿನ ಹೊಟ್ಟೆಗೆ ದುಡ್ಡು ಕೊಟ್ಟು ದುಡಿಯುವ ಕಾಲ ಬಂದದ್ದು ಈಚೆಗೆ, 2007ರಲ್ಲಿ 'ಓಂ ಶಾಂತಿ ಓಂ' ಚಿತ್ರದಲ್ಲಿ ಶಾರುಖ್ ಖಾನ್ ಅಂಗಿ ಬಿಚ್ಚಿದ ಆಚೀಚೆಗೆ.

ಪ್ರದರ್ಶನ

ತಯಾರಾದ ಮಾಲನ್ನು ಎಲ್ಲಿ ತೋರಿಸುವುದು? ನಮಗೆ ಸಮುದ್ರವಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳಿವೆ, ಅಲ್ಲಿ ಪ್ರೇಕ್ಷಕರು ಎಮ್ಮೆಗಳು. ಉಳಿದದ್ದು ಒಂದೇ ಸಂದರ್ಭ: ಮದುವೆಯ ಅರಿಶಿಣ. ಈಗ ಡ್ರೋನ್ ಹಾರಿಸಿ ಚಿತ್ರೀಕರಿಸುತ್ತಾರೆ. ನಿಶ್ಚಯವಾದ ಮರುದಿನವೇ ಜಿಮ್ಮಿಗೆ ಹೆಸರು ಹಚ್ಚುವ ಹುಡುಗರ ಗುಟ್ಟು ಇದೇ. ಒಂದು ಎಚ್ಚರಿಕೆ: ಕೊಬ್ಬು ಬಹಳ ಇಳಿದಾಗ ನಿದ್ದೆ ಕೆಡುತ್ತದೆ, ಸಿಟ್ಟು ಹೆಚ್ಚುತ್ತದೆ, ಕಾಮಾಸಕ್ತಿ ಕುಗ್ಗುತ್ತದೆ. ಮದುವೆಗೆಂದು ಶುರು ಮಾಡಿದವರು ಈ ವಾಕ್ಯವನ್ನು ಎರಡು ಸಲ ಓದಿ. ಮದುವೆಯಾದ ಮೇಲೆ ಬೀಗರು, ಸೋದರಮಾವಂದಿರು, ಅವರ ಬೀಗರು ಸರದಿಯಂತೆ ಹೊಸ ಜೋಡಿಯನ್ನು ಊಟಕ್ಕೆ ಕರೆಯುತ್ತಾರೆ. ಆರು ತಿಂಗಳ ಮಾಲು ಆರು ವಾರದಲ್ಲಿ ಗೋದಾಮಿಗೆ.

ಅಗ್ಗದ ಮಾದರಿ

ನಾನು ತೆಳ್ಳಗಿದ್ದೇನೆ, ನನಗಿದು ಬೇಡ ಎನ್ನುವವರು ಸ್ವಲ್ಪ ನಿಲ್ಲಿ. ನಿಪ್ಪಾಣಿಯ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಪುಣೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ ಇಬ್ಬರದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ 21.2. ಸಪೂರ ಕಾಣುವ ನಮ್ಮ ಹುಡುಗರ ಅಂಗಿಯೊಳಗಿನ ಕಥೆಯೂ ಬಹುಮಟ್ಟಿಗೆ ಇದೇ. ಸಕ್ಕರೆ ಕಾಯಿಲೆಗೆ ದಾರಿ ಮಾಡುವುದು ಚರ್ಮದಡಿಯ ಕೊಬ್ಬಿಗಿಂತ ಹೆಚ್ಚಾಗಿ ಕರುಳು, ಯಕೃತ್ತಿನ ಸುತ್ತ ಒಳಗೆ ಕೂತದ್ದು.

ಅದನ್ನು ಅಳೆಯಲು ಕನ್ನಡಿ ಬೇಡ, ಟೇಲರ್ ಟೇಪು ಸಾಕು. ಹೊಟ್ಟೆಯ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಪ್ಯಾಂಟಿನ ನಂಬರ್ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ವರ್ಷಗಳಾಗಿವೆ. ಕಂಪನಿಯ ಅಭಿಪ್ರಾಯ ಕೇಳಿದರೆ 90ರೊಳಗೆ ಬನ್ನಿ, ಅಲ್ಲಿಗೆ ನಿಲ್ಲಿ. ದಿನಾ ನಡೆಯುವುದು, ಒಂದಿಷ್ಟು ದಂಡ-ಬೈಠಕ್, ಚಹಾದ ಸಕ್ಕರೆ ಅರ್ಧ, ಹೋಳಿಗೆ ಹಬ್ಬಕ್ಕೆ ಮಾತ್ರ. ಅಲ್ಲಿಂದ ಗೆರೆಯವರೆಗಿನ ದಾರಿ ಆರೋಗ್ಯಕ್ಕೆ ಹೆಚ್ಚೇನೂ ಕೊಡುವುದಿಲ್ಲ, ನಿಮ್ಮಿಂದ ಮತ್ತು ಮನೆಯವರಿಂದ ಇಸಕೊಳ್ಳುತ್ತದೆ ಅಷ್ಟೆ.

ದೂರು ಮತ್ತು ಪರಿಹಾರ

ಬೆಳಗ್ಗೆ ಕಾಣುತ್ತದೆ, ಊಟದ ಮೇಲೆ ಕಾಣುವುದಿಲ್ಲ: ದೋಷವಲ್ಲ. ಪೋಸ್ಟರಿನವರೂ ನೀರು ಕುಡಿಯುವುದು ಬಿಟ್ಟು, ಎಣ್ಣೆ ಸವರಿ, ಲೈಟು ಮೇಲಿನಿಂದ ಬೀಳುವಂತೆ ನಿಂತಿರುತ್ತಾರೆ.

ತಂಬಾಕು ಜಗಿದರೆ ಹಸಿವಾಗುವುದಿಲ್ಲ ಎಂದು ನಿಪ್ಪಾಣಿಯ ಗೆಳೆಯ ಹೇಳಿದ್ದಾನೆ: ಗೆಳೆಯನನ್ನು ಬದಲಾಯಿಸಿ.

ಮಾಲು ಬೇಡವಾಗಿದೆ, ಜಿಮ್ಮಿನ ವರ್ಷದ ಫೀ ಕಟ್ಟಿಯಾಗಿದೆ: ಹಣ ಮರಳಿ ಬರುವುದಿಲ್ಲ. ತಮ್ಮನ ಹೆಸರಿಗೆ ವರ್ಗಾಯಿಸಲು ಕೇಳಿ ನೋಡಿ. ಉತಾರದಲ್ಲಿ ಹೆಸರು ಬದಲಿಸುವಷ್ಟು ಓಡಾಟ ಇರಲಾರದು.